ಸೈಲೆನ್ಸರಿನ ನೀರು

ಖಾಜಾ ಹುಸೇನನ ಹೆಸರು ಕೇಳಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಮುಚ್ಚುಮರೆ ಏನು ಬಂತು! ಇಬ್ಬರೂ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಉಸ್ತಾದ್ ನಬೀ ಸಾಬರ ಗ್ಯಾರೇಜಿನಲ್ಲೇ ಪಾನಾ ಹಿಡಿಯಲು ಕಲಿತವರು. ಉಸ್ತಾದರಿಗೆ ಕಣ್ಣು ಮಂಜಾಗಿತ್ತು, ಮಕ್ಕಳಿರಲಿಲ್ಲ. ಗ್ಯಾರೇಜನ್ನು ನಮ್ಮಿಬ್ಬರಲ್ಲಿ ಒಬ್ಬನಿಗೆ ಒಪ್ಪಿಸುತ್ತೇನೆ ಎಂದಿದ್ದರು. ಹತ್ತು ವರ್ಷ ದಿನಾ ಹರಿಹರದಿಂದ ಬಸ್ಸು ಹಿಡಿದು ಬಂದವನು ನಾನು. ಅದು ನನಗೇ ಸಿಗಬೇಕಿತ್ತು.

ಎಂಬತ್ತೊಂದನೇ ಇಸವಿಯಲ್ಲಿ ವಿದ್ಯಾನಗರದ ಕಾಲೇಜೊಂದರ ಪಂಚಾಕ್ಷರಪ್ಪ ಮೇಷ್ಟ್ರು ಪೆಟ್ರೋಲ್ ಬದಲು ಹೈಡ್ರೋಜನ್ ಗ್ಯಾಸಿನಿಂದ ಹಳೇ ಜೀಪಿನ ಎಂಜಿನ್ ಓಡಿಸಲು ಹೊರಟರು. ಕೆಲಸಕ್ಕೆ ಕರೆದದ್ದು ಖಾಜಾನನ್ನು. ನಾನೇನು ಸತ್ತುಹೋಗಿದ್ದೆನೆ? ಮೂರು ತಿಂಗಳು ಗ್ಯಾರೇಜಿನಲ್ಲಿ ಅವನದು ಒಂದೇ ಪುರಾಣ. ಮುಂದೆ ಪೆಟ್ರೋಲ್ ಮುಗಿದೇ ಹೋಗುತ್ತದಂತೆ, ಈ ಗ್ಯಾಸಿಗೆ ಹೊಗೆಯೇ ಇಲ್ಲವಂತೆ. ಉಸ್ತಾದರು ಬಾಯಿಬಿಟ್ಟುಕೊಂಡು ಕೇಳುತ್ತಿದ್ದರು.

ಎಂಜಿನ್ ಚಾಲೂ ಮಾಡುವ ದಿನ ಉಸ್ತಾದರನ್ನು ಕಾಲೇಜಿಗೆ ಕೈಹಿಡಿದು ಕರೆದೊಯ್ದವನು ನಾನೇ. ಕೆಟ್ಟು ನಿಲ್ಲಲಿ ಎಂದು ದಾರಿಯುದ್ದಕ್ಕೂ ಮನಸಾರೆ ಬೇಡಿಕೊಂಡೆ. ಮೇಷ್ಟ್ರು ಎಲ್ಲರಿಗೂ ವಿವರಿಸುವಾಗ ನಾನು ಖಾಜಾನ ಹೊಸ ಷರ್ಟಿನ ಇಸ್ತ್ರಿ ನೋಡುತ್ತಿದ್ದೆ. ಒಂದು ಮಾತೂ ತಲೆಗೆ ಹೋಗಲಿಲ್ಲ. ಹಾಳಾದ ಎಂಜಿನ್ ಓಡಿಯೇಬಿಟ್ಟಿತು.

ನಮ್ಮ ಗ್ಯಾರೇಜಿನಲ್ಲಿ ಎಂಜಿನ್ ಪರೀಕ್ಷೆ ಎಂದರೆ ಸೈಲೆನ್ಸರಿನ ಬಾಯಿಗೆ ಅಂಗೈ ಒಡ್ಡುವುದು. ಹತ್ತಿದ ಮಸಿ ನೋಡಿ ರೋಗ ಹೇಳುವುದು ಉಸ್ತಾದರು ಕಲಿಸಿದ ವಿದ್ಯೆ. ನಾನೂ ಒಡ್ಡಿದೆ. ಮಸಿ ಇಲ್ಲ, ನೀರು! ಒಂದೆರಡು ಹನಿಯಲ್ಲ, ಅಂಗೈ ತುಂಬ. ಇಷ್ಟು ನೀರೆಂದರೆ ಹೆಡ್ ಗ್ಯಾಸ್ಕೆಟ್ ಒಡೆದು ರೇಡಿಯೇಟರಿನ ನೀರು ಒಳಗೆ ನುಗ್ಗಿದೆ ಎಂದೇ ಲೆಕ್ಕ. ನನಗೆ ಹಬ್ಬವಾಯಿತು.

“ಉಸ್ತಾದ್, ಮುಟ್ಟಿ ನೋಡ್ರಿ, ಗ್ಯಾಸ್ಕೆಟ್ ಒಡದೈತೆ. ಮೂರು ತಿಂಗ್ಳು ಖಾಜಾ ಮಾಡಿದ್ದು ಇದನ್ನ,” ಎಂದು ನೆರೆದವರಿಗೆಲ್ಲ ಕೇಳುವಂತೆ ಹೇಳಿ, ಅವರ ಕೈಯನ್ನು ನಾನೇ ಎಳೆದು ಒಡ್ಡಿದೆ.

ಖಾಜಾ ಎಂಜಿನ್ ಆರಿಸಿ ರೇಡಿಯೇಟರಿನ ಮುಚ್ಚಳ ತೆಗೆದ. ಕುತ್ತಿಗೆಮಟ್ಟ ನೀರಿತ್ತು, ಒಂದು ತೊಟ್ಟೂ ಇಳಿದಿರಲಿಲ್ಲ. ಮೇಷ್ಟ್ರು ನಗುತ್ತ, ಹೈಡ್ರೋಜನ್ ಉರಿದರೆ ಆಗುವುದೇ ನೀರು, ಆಗಲೇ ಹೇಳಿದೆನಲ್ಲ, ಪರೀಕ್ಷೆ ಗೆದ್ದಿತು ಎಂಬುದಕ್ಕೆ ಅದೇ ಸಾಕ್ಷಿ ಎಂದರು. ಜನ ಚಪ್ಪಾಳೆ ಹೊಡೆದರು.

ಉಸ್ತಾದರು ಒದ್ದೆ ಬೆರಳು ಮೂಸಿ ನೋಡಿದರು. ಅಷ್ಟರಲ್ಲಿ ಬಂದವರಿಗೆಲ್ಲ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಂತು. ಎಂದಿನಂತೆ ಕೈ ಒರೆಸಿಕೊಳ್ಳಲು ಅರಿವೆ ಕೊಟ್ಟೆ. ಅದನ್ನು ಸರಿಸಿದರು.

“ಬ್ಯಾಡ ಕೊಟ್ಟೂರಪ್ಪ. ನಲವತ್ತು ವರ್ಷದಾಗ ಸೈಲೆನ್ಸರ್ ಮುಟ್ಟಿದ ಕೈಯಾಗ ಇವತ್ತೇ ನೋಡು ನಾನು ತಿಂತಿರೋದು.”

ಅದೇ ಕೈಯಲ್ಲಿ ಮಂಡಕ್ಕಿ ತಿಂದರು. ತಿಂದಾದ ಮೇಲೆ ಸೊಂಟದಿಂದ ಗ್ಯಾರೇಜಿನ ಬೀಗದ ಕೈ ಬಿಚ್ಚಿ ಖಾಜಾನಿಗೆ ಕೊಟ್ಟರು.

ಹರಿಹರದ ಮನೆಗೆ ಬಂದವನೇ ಬಚ್ಚಲಿಗೆ ಹೋಗಿ ಕೈಗೆ ಸೋಪು ಹಾಕಿ ಉಜ್ಜತೊಡಗಿದೆ. ನನ್ನ ಹೆಂಡತಿ ಹಂಪವ್ವ ಬಂದು, ಕೈ ಬೆಳ್ಳಗೇ ಇದೆಯಲ್ಲ, ಏನು ತೊಳೆಯುತ್ತಿದ್ದೀರಿ ಎಂದು ಕೇಳಿದಳು. ನಾನು ಇನ್ನೊಂದು ಸಲ ಸೋಪು ಹಚ್ಚಿದೆ.