ಬಲೆ ಶೆಡ್ಡಿನಲ್ಲಿ ವಿಮಾನ

ಕಾಪು ಮಾರ್ಕೆಟಿನಲ್ಲಿ ಮೀನು ಮಾರುವ ನಳಿನಾಕ್ಷಿಯ ಮನೆಗೆ ಮೀನಿನ ಟೆಂಪೋದಲ್ಲಿ ಆಳೆತ್ತರದ ಮರದ ಪೆಟ್ಟಿಗೆಯೊಂದು ಬಂದಿಳಿದಾಗ, ನೆರೆಕರೆಯವರೆಲ್ಲ ಅದನ್ನು ಫ್ರಿಜ್ಜೆಂದೇ ತಿಳಿದರು. ಫ್ರಿಜ್ಜೂ ಅಲ್ಲ, ಕಪಾಟೂ ಅಲ್ಲ. ಮುಖಕ್ಕೆ ಗಾಜು, ಗಾಜಿನ ಕೆಳಗೆ ಒಂದು ಹಿಡಿ, ಪಕ್ಕದಲ್ಲಿ ಕೆಂಪು ಗುಂಡಿ. ಉಡುಪಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕಾಲದಲ್ಲಿ ಜೇಮ್ಸ್ ಎಂಬವರು ನಡೆಸುತ್ತಿದ್ದ ವಿಡಿಯೋ ಗೇಮ್ ಅಂಗಡಿಯ ಮೆಷಿನು ಅದು. ಅಂಗಡಿ ಮುಚ್ಚಿದ ಮೇಲೆ ಕಡಿಯಾಳಿಯ ಅವರ ಮನೆಯ ಕಾರ್ ಶೆಡ್ಡಿನಲ್ಲಿ ಇಲಿಗಳಿಗೆ ಬಾಣಂತಿಕೋಣೆಯಾಗಿ ಬಿದ್ದಿತ್ತು. ಅಂಜಲ್ ಮೀನು ಕೊಡಲು ಹೋದ ನಳಿನಾಕ್ಷಿಯ ಕಣ್ಣಿಗೆ ಬಿದ್ದದ್ದೇ ತಡ, ಕೇಳಿಯೇಬಿಟ್ಟಳು. "ತೆಗೆದುಕೊಂಡು ಹೋಗು ಮಾರಾಯ್ತಿ, ನನ್ನ ಕಾರಿಗಾದರೂ ಜಾಗ ಆದೀತು" ಎಂದು ಜೇಮ್ಸ್ ಕೊಟ್ಟುಬಿಟ್ಟರು.

"ಎಂತ ಇದು?" ಎಂದ ಗಂಡ ಕಿಟ್ಟ, ಮನೆಯ ಬಲೆ ಶೆಡ್ಡಿನಲ್ಲಿ ಅದನ್ನು ಕಂಡು. ಮಲ್ಪೆಯ ಬೋಟಿನಲ್ಲಿ ಕಡಲಿಗೆ ಹೋಗುವವ ಅವನು.

"ವಿಡಿಯೋ ಗೇಮ್. ಹಾಳಾಗಿದೆ. ನಾನು ಸರಿ ಮಾಡ್ತೇನೆ."

"ನೀನು! ಮಿಕ್ಸಿ ಕೆಟ್ಟರೆ ಅದರ ತಲೆಗೆ ಮೊಟಕುವವಳು!"

"ಮೊಟಕಿದ ಮೇಲೆ ಅದು ತಿರುಗ್ತದೋ ಇಲ್ವೋ?"

ವಾದದಲ್ಲಿ ಸೋತ ಗಂಡಸರು ಮಾಡುವುದನ್ನೇ ಕಿಟ್ಟನೂ ಮಾಡಿದ, ಷರತ್ತು ಹಾಕಿದ. "ಜೂನ್ ಒಂದಕ್ಕೆ ಮಳೆಗಾಲದ ಬೋಟು ಬಂದ್. ಬಲೆ ಎಲ್ಲ ಈ ಶೆಡ್ಡಿಗೇ ಬರುವುದು. ಅಷ್ಟರೊಳಗೆ ಇದು ಆಡಿದರೆ ಜಗಲಿಯಲ್ಲಿ ಜಾಗ ಉಂಟು. ಆಡದಿದ್ದರೆ ಸೀದಾ ಗುಜರಿಗೆ."

ಆಗಲಿ ಎಂದಳು ನಳಿನಾಕ್ಷಿ. ಅವಳ ಹಟಕ್ಕೆ ಕಾರಣವಿತ್ತು. ಹುಡುಗಿಯಾಗಿದ್ದಾಗ ಅಮ್ಮನ ಜೊತೆ ಮೀನಿನ ಬುಟ್ಟಿ ಹೊತ್ತು ಉಡುಪಿಗೆ ಹೋಗುತ್ತಿದ್ದವಳು ಬಸ್ಸು ಬರುವ ತನಕ ಆ ಅಂಗಡಿಯ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಒಳಗೆಲ್ಲ ಗಂಡುಹುಡುಗರು. ಒಂದು ಹೆಜ್ಜೆ ಮುಂದಿಟ್ಟರೆ ಜೇಮ್ಸ್ ಗದರುತ್ತಿದ್ದರು: "ಹೊರಗೆ, ಹೊರಗೆ! ಮೀನಿನ ವಾಸನೆ ಮೆಷಿನಿಗೆ ಆಗುವುದಿಲ್ಲ!" ಹುಡುಗರ ಹೆಗಲ ಸಂದಿನಿಂದಲೇ ಅವಳು ಪರದೆಯ ಮೇಲೆ ಸೇತುವೆಗಳನ್ನು ದಾಟಿ ಹಾರುವ ಪುಟ್ಟ ವಿಮಾನವನ್ನು ನೋಡಿದ್ದಳು. ನೋಡಿ ನೋಡಿ ಆಟ ಬಾಯಿಪಾಠವಾಗಿತ್ತು. ಆ ಹಿಡಿಯನ್ನು ಮಾತ್ರ ಮುಟ್ಟಿರಲಿಲ್ಲ. ಒಂದೇ ಒಂದು ಸಲ ಆ ವಿಮಾನ ತನ್ನ ಕೈಯಲ್ಲಿ ಹಾರಬೇಕು ಎಂಬ ಆಸೆ, ತಲೆಗೂದಲು ನರೆತರೂ ನರೆತಿರಲಿಲ್ಲ.

ಹೇಗೆ ಶುರು ಮಾಡುವುದು? ಮೆಷಿನಿನ ಹಿಂದಿನ ಬಾಗಿಲು ತೆಗೆದು, ಜೇಮ್ಸರಿಗೇ ಫೋನು ಮಾಡಿದಳು. ಅವರಿಗೋ ಮೆಷಿನಿನ ಸುದ್ದಿ ಕೇಳಿದ್ದೇ ಹುರುಪು ಬಂತು.

"ಮೊದಲು ಪ್ಲಗ್ ತೆಗಿ. ತೆಗೆದ ಮೇಲೂ ಆ ಪಿಕ್ಚರ್ ಟ್ಯೂಬಿನ ತಂಟೆಗೆ ಹೋಗಬೇಡ. ಕರೆಂಟು ಅದರೊಳಗೆ ಕೂತಿರ್ತದೆ."

"ಸತ್ತ ತೊರಕೆ ಮೀನಿನ ಬಾಲದ ಮುಳ್ಳಿನ ಹಾಗೆ, ಅಲ್ವಾ?"

"ಹಾಂ, ಹಾಗೆಯೇ!" ಎಂದು ಅವರು ನಕ್ಕರು.

ಮಾರ್ಕೆಟಿನಿಂದ ಬಂದು, ಕೈ ತೊಳೆದು, ಊಟ ಮುಗಿಸಿ, ಅವಳು ದಿನಾ ಶೆಡ್ಡಿಗೆ ನುಗ್ಗತೊಡಗಿದಳು. ಇಲಿಗೂಡು ಗುಡಿಸಿದಳು. ಇಲಿ ಕಡಿದ ವಯರುಗಳನ್ನು ಜೋಡಿಸಿದಳು. ಸುಟ್ಟುಹೋದ ಪವರ್ ಸಪ್ಲೈಗೆ ಬದಲು ಹೊಸದನ್ನು ಉಡುಪಿಯಿಂದ ತಂದು ಕೂರಿಸಿದಳು. ಒಳಗಿನ ಹಸಿರು ಬೋರ್ಡಿನ ಅಂಚಿನ ತಾಮ್ರದ ಪಟ್ಟಿಗಳು ಕರ್ರಗಾಗಿದ್ದವು. ಜೇಮ್ಸ್ ಹೇಳಿದಂತೆ ಮಕ್ಕಳ ರಬ್ಬರಿನಿಂದ, ಬಂಗುಡೆಯ ಕಿವಿರು ತೆಗೆಯುವಷ್ಟೇ ನಾಜೂಕಾಗಿ, ಒಂದೊಂದನ್ನೂ ಉಜ್ಜಿದಳು. ಪ್ಲಗ್ ಹಾಕಿದಳು, ಕಣ್ಣು ಮುಚ್ಚಿ ಸ್ವಿಚ್ ಒತ್ತಿದಳು.

ಟುಂಯ್ ಎಂದಿತು. ಕಣ್ಣು ಬಿಟ್ಟರೆ, ಅಯ್ಯೋ ದೇವರೇ, ನೀಲಿ ಕಡಲು, ಅದರ ಮೇಲೆ ಪುಟ್ಟ ವಿಮಾನ! ಹಿಡಿ ಅಲುಗಿಸಿದರೆ ಅದೂ ಅಲುಗಿತು. ನಳಿನಾಕ್ಷಿ ಅಂಗಳಕ್ಕೆ ಓಡಿಹೋಗಿ ಕೋಳಿಗಳ ಎದುರೇ ಒಂದು ಸುತ್ತು ಕುಣಿದುಬಿಟ್ಟಳು. ಆಡಲಿಲ್ಲ ಮಾತ್ರ. ಜೇಮ್ಸರನ್ನು ಕರೆದು, ಕಿಟ್ಟನನ್ನು ನಿಲ್ಲಿಸಿ, ಎಲ್ಲರೆದುರೇ ಆಡಬೇಕೆಂದು ಆಸೆಯನ್ನು ಒಂದನೇ ತಾರೀಕಿಗೆ ಕಟ್ಟಿಟ್ಟು, ಶೆಡ್ಡಿನ ಬಾಗಿಲು ಎಳೆದುಕೊಂಡಳು.

ಮೇ ಮೂವತ್ತೊಂದರಂದು ಮಾರ್ಕೆಟಿನಿಂದ ಬಂದು ನೋಡುತ್ತಾಳೆ, ಶೆಡ್ಡಿನ ತುಂಬ ಬೆಕ್ಕುಗಳು. ಊರಿನ ಬೆಕ್ಕುಗಳೆಲ್ಲ ಮೆಷಿನನ್ನು ಸುತ್ತುವರಿದು ನೆಕ್ಕುತ್ತಿವೆ! ಅವನ್ನು ಅಟ್ಟಿ ಸ್ವಿಚ್ ಹಾಕಿದಳು. ವಿಮಾನವೇನೋ ಬಂತು. ಆದರೆ ಹಿಡಿ ಎಳೆದರೆ ವಿಮಾನ ಅಲ್ಲಾಡಲಿಲ್ಲ. ಗುಂಡಿ ಒತ್ತಿದರೆ ಗುಂಡು ಹಾರಲಿಲ್ಲ. ನಳಿನಾಕ್ಷಿ ಅಂಗಳಕ್ಕೆಲ್ಲ ಕೇಳುವಂತೆ ಕಿರುಚಿದಳು.

"ಯಾರು ಇದನ್ನು ಮುಟ್ಟಿದ್ದು?"

ಬಾಗಿಲ ಸಂದಿಯಲ್ಲಿ ಕಿಟ್ಟ ಕಾಣಿಸಿಕೊಂಡ. ಅವನ ಕೈಯಲ್ಲಿ ಅಪ್ಪನ ಕಾಲದ ಡಬ್ಬಿ: ಮರದ ದೋಣಿಗೆ ಹಚ್ಚುವ ಬೂತಾಯಿ ಮೀನಿನ ಎಣ್ಣೆ.

"ನಾನೇ. ಉಪ್ಪುಗಾಳಿ ಅಲ್ವಾ, ಜಗಲಿಯಲ್ಲಿ ಇಟ್ಟರೆ ತುಕ್ಕು ಹಿಡಿಯಬಾರದೂಂತ. ಮೊನ್ನೆಯೇ ಹೊರಗೆ ಎರಡು ಕೈ ಹಚ್ಚಿದೆ, ಒಳಗೆ ಒಂದು ಕೈ."

"ಒಳಗೂ ಹಚ್ಚಿದ್ದೀರಾ?"

"ದೋಣಿಗೆ ಒಳಗೂ ಹಚ್ಚುವುದು ಕ್ರಮ."

ಹಿಡಿಯ, ಗುಂಡಿಯ ಕೆಳಗೆ ಒಂದಕ್ಕೊಂದು ತಾಗಬೇಕಾದ ತಗಡಿನ ಎಸಳುಗಳ ಮೇಲೆಲ್ಲ ಎಣ್ಣೆ ಅಂಟಾಗಿ ಗಟ್ಟಿಕಟ್ಟಿತ್ತು. ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಹೊಳೆಯಿತು: ಗುಜರಿಗೆ ಎಂದವನು ಜಗಲಿಯಲ್ಲಿ ಇಡಲು ತಯಾರಿ ಮಾಡಿದ್ದಾನೆ! ದೋಣಿಗೆ ಮಾಡುವ ಉಪಚಾರವನ್ನು ಇದಕ್ಕೂ ಮಾಡಿದ್ದಾನೆ! ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು, ಗಂಡನ ಮೇಲೆ ಪ್ರೀತಿಯೂ ಉಕ್ಕಿತು. ಮೂರೂ ಒಟ್ಟಿಗೆ ಬಂದದ್ದರಿಂದ ಬೆನ್ನಿಗೆ ಒಂದು ಗುದ್ದು ಕೊಟ್ಟಳು.

"ಸ್ಪಿರಿಟ್ ತನ್ನಿ, ಹತ್ತಿ ತನ್ನಿ. ನೀವು ಹಚ್ಚಿದ್ದನ್ನು ನೀವೇ ಒರೆಸಿ!"

ಪ್ಲಗ್ ಕಿತ್ತು ಇಬ್ಬರೂ ಕೂತರು. ಬಲೆಯ ಕಣ್ಣು ಹೆಣೆದ ಬೆರಳುಗಳಲ್ಲವೇ, ಕಿಟ್ಟ ಎಸಳು ಎಸಳನ್ನೂ ಬಿಡಿಸಿ ಒರೆಸಿದ. ಸಂಜೆ ದೀಪ ಹಚ್ಚುವ ಹೊತ್ತಿಗೆ ಎಲ್ಲ ಮುಗಿದಿತ್ತು. ಸ್ಪಿರಿಟ್ ಇನ್ನೂ ಆರಿಲ್ಲವೆಂದು ಅವಳು ಸ್ವಿಚ್ ಹಾಕಲು ಬಿಡಲಿಲ್ಲ. ಆಡುತ್ತದೋ ಇಲ್ಲವೋ, ನಾಳೆಯೇ ಗೊತ್ತಾಗಬೇಕು.

ಬೆಳಿಗ್ಗೆ ಬಲೆಯ ಟೆಂಪೋ ಅಂಗಳಕ್ಕೆ ಬರುವುದಕ್ಕೂ ಜೇಮ್ಸರ ಕಾರು ನಿಲ್ಲುವುದಕ್ಕೂ ಸರಿಹೋಯಿತು. ಶೆಡ್ಡಿನ ಬಾಗಿಲಿಗೆ ಬಂದ ಜೇಮ್ಸ್ ಮೂಗಿಗೆ ಕರವಸ್ತ್ರ ಹಿಡಿದರು. "ಎಂತ ಮೀನಿನ ವಾಸನೆ ಮಾರಾಯ್ತಿ! ಮೆಷಿನಿಗೆ ಇದು ಆಗುವುದಿಲ್ಲ!"

"ಆಗ್ತದೋ ಇಲ್ವೋ, ಈಗ ನೋಡುವ" ಎಂದು ನಳಿನಾಕ್ಷಿ ಸ್ವಿಚ್ ಹಾಕಿ ಹಿಡಿ ಹಿಡಿದಳು. ವಿಮಾನ ಎಡಕ್ಕೆ ಸರಿಯಿತು. ಬಲಕ್ಕೆ ಸರಿಯಿತು. ಗುಂಡು ಹಾರಿತು. ಮೊದಲ ಸೇತುವೆ ಕಂಡ ಖುಷಿಗೆ ಅವಳು ಬಾಯಿಬಿಟ್ಟು ನಿಂತಳು, ವಿಮಾನ ಅದಕ್ಕೇ ಹೋಗಿ ಬಡಿದು ಢಮಾರ್! ಅವಳಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು.

"ಹಾಗಲ್ಲ, ಹಾಗಲ್ಲ! ಕೊಡು ಇಲ್ಲಿ!" ಎಂದು ಜೇಮ್ಸ್ ಒಂದು ಹೆಜ್ಜೆ ಒಳಗಿಟ್ಟರು.

"ಹೊರಗೆ, ಹೊರಗೆ! ನನ್ನ ಆಟ ಮುಗಿಯಲಿ!"

ಜೇಮ್ಸ್ ಬೆಕ್ಕುಗಳ ನಡುವೆ, ಹೊಸ್ತಿಲಾಚೆ, ಕತ್ತು ಉದ್ದ ಮಾಡಿ ನಿಂತರು. ಎರಡನೇ ವಿಮಾನ ಮೊದಲ ಸೇತುವೆ ದಾಟಿತು, ಎರಡನೆಯದನ್ನೂ ದಾಟಿತು.

"ಮೂರನೇ ಸೇತುವೆ ಬಂತು! ಎಡಮೂಲೆಗೆ, ಎಡಮೂಲೆಗೆ ಹೋಗು!" ಎಂದು ಜೇಮ್ಸ್ ಕೂಗಿದರು.

"ನನಗೆ ಗೊತ್ತುಂಟು!" ಎಂದು ಕೂಗಿದ ನಳಿನಾಕ್ಷಿಯ ವಿಮಾನ ಆಗಲೇ ಎಡಮೂಲೆಯಲ್ಲಿ ಹಾರುತ್ತಿತ್ತು.

ಕಿಟ್ಟ ಟೆಂಪೋದವನ ಕಡೆಗೆ ತಿರುಗಿ, "ಬಲೆ ಅಂಗಳದಲ್ಲೇ ಇಳಿಸು ಮಾರಾಯ, ಒಳಗೆ ಆಟ ನಡೀತಾ ಉಂಟು" ಎಂದ.