ಉಪ್ಪಿಲ್ಲ, ಉಪದೇಶ ಇದೆ

"ಉಪ್ಪು ಯಾರು ತಂದಿದ್ದೀರಿ?"

ಲೆಕ್ಕದ ಟೀಚರು ಇದನ್ನು ಕೇಳುತ್ತಿದ್ದುದು ಮೂರನೇ ಸಲ. ಮೊದಲ ಸಲ ದನಿಯಲ್ಲಿ ನಗು ಇತ್ತು. ಎರಡನೇ ಸಲಕ್ಕೆ ಅದು ಹೋಗಿತ್ತು. ಈಗಂತೂ ಅಂಗಡಿಯ ಮುಂದುಗಡೆ ಬಣ್ಣದ ಕಾಗದ ಅಂಟಿಸುತ್ತಿದ್ದ ಮಕ್ಕಳೂ ಗೋಂದಿನ ಕೈಯನ್ನು ಹಾಗೇ ಎತ್ತಿಕೊಂಡು ನಿಂತುಬಿಟ್ಟರು. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಮೆಕ್ಕೆಜೋಳದ ಕಾಳು ಬೇಯುತ್ತಿತ್ತು. ಶಾಲೆಯ ಗೇಟು ತೆರೆದಾಗಿತ್ತು. ಮೇಳಕ್ಕೆ ಬಂದ ಅಪ್ಪ ಅಮ್ಮಂದಿರು, ಅವರ ಕೈ ಹಿಡಿದೆಳೆಯುವ ಪುಟಾಣಿಗಳು ಮೈದಾನದ ತುಂಬ ಹರಡಿಕೊಳ್ಳುತ್ತಿದ್ದರು. ಏಳನೇ ತರಗತಿಯ ಅಂಗಡಿಯಲ್ಲಿ ಬೆಣ್ಣೆ ಇತ್ತು, ಒಂದು ಮದುವೆಗೆ ಆಗುವಷ್ಟು. ನಿಂಬೆಹಣ್ಣು ಬುಟ್ಟಿ ತುಂಬಿ ಚೆಲ್ಲುತ್ತಿತ್ತು. ಚಾಕುಗಳಂತೂ ಯಾವುದೋ ಯುದ್ಧಕ್ಕೆ ಹೊರಟವರ ಹತ್ತಿರ ಇರುವಷ್ಟಿದ್ದವು. ಉಪ್ಪು ಮಾತ್ರ ಒಂದು ಚಿಟಿಕೆಯೂ ಇರಲಿಲ್ಲ.

"ಮಿಸ್, ಅವರು ತರ್ಬೇಕಿತ್ತು," ಎಂದಳು ವಾರ್ತೆ.

"ಮಿಸ್, ಅವರೇ ತರ್ತಾರೆ ಅಂತ ನಾವು ಸುಮ್ಮನಿದ್ವಿ," ಎಂದ ಲಾಯರು.

"ತರ್ತೀನಿ ಅಂತ ಅವಳು ನಿನಗೆ ಹೇಳಿದ್ಲಾ?"

"ತರಲ್ಲ ಅಂತ ಹೇಳಿರ್ಲಿಲ್ಲ ಮಿಸ್."

ಇಂಥವನಿಗೆ ಲಾಯರು ಎಂದಲ್ಲದೆ ಬೇರೇನು ಹೆಸರಿಡುತ್ತಾರೆ? ಮನೆಗೆಲಸ ಮಾಡದೆ ಬಂದ ದಿನವೂ ತಪ್ಪು ಕೊಟ್ಟವರದೇ ಎಂದು ಸಾಧಿಸಬಲ್ಲ ಹುಡುಗ. ವಾರ್ತೆಗೆ ಆ ಹೆಸರು ಬಂದದ್ದೂ ಸುಮ್ಮನೆ ಅಲ್ಲ. ತರಗತಿಯಲ್ಲಿ ಯಾರು ಪೆನ್ಸಿಲು ಮುರಿದರು, ಯಾರು ಗೋಡೆಯ ಮೇಲೆ ಗೀಚಿದರು ಎಂಬುದೆಲ್ಲ ಟೀಚರ ಕಿವಿಗೆ ಬೀಳುತ್ತಿದ್ದುದು ಅವಳ ಬಾಯಿಂದ, ಅದೂ ಬಿಸಿಬಿಸಿಯಾಗಿ. ಆದರೆ ಅವಳು ಹೇಳುತ್ತಿದ್ದುದು ಬಾಗಿಲ ಕಡೆಯವರ ಮೇಲೆ ಮಾತ್ರ. ಅವಳು ಕಿಟಕಿ ಕಡೆಯವಳು.

ಆ ತರಗತಿಗೆ ಅಂಟಿದ್ದ ರೋಗವೇ ಇದು. ವರ್ಷದ ನಡುವೆ ಬಿ ವಿಭಾಗದ ಟೀಚರು ಕೆಲಸ ಬಿಟ್ಟು ಹೋದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಹೆಡ್ ಮಿಸ್ಸು ಎರಡು ವಿಭಾಗಗಳನ್ನೂ ಒಂದೇ ಕೋಣೆಗೆ ತುಂಬಿ, ಆ ವರ್ಷವಷ್ಟೇ ಎ ವಿಭಾಗದ ಹೊಣೆ ಹೊತ್ತಿದ್ದ ಲೆಕ್ಕದ ಟೀಚರ ಕೈಗೆ ಕೊಟ್ಟರು. ಮೊದಲಿದ್ದವರು ಕಿಟಕಿಯ ಕಡೆ ಕೂತರು, ಬಂದವರು ಬಾಗಿಲ ಕಡೆ. ಅಂದಿನಿಂದ ಇಂದಿನವರೆಗೆ ಮಧ್ಯದ ದಾರಿ ದಾಟಿ ಒಂದು ರಬ್ಬರು ಕೂಡ ಆಚೆ ಈಚೆ ಹೋಗಿರಲಿಲ್ಲ. ಬೆಂಚು ಬದಲಿಸಿ ನೋಡಿದರು, ಮಾರನೆಯ ದಿನ ಹಾಲು ಒಡೆದ ಹಾಗೆ ಮತ್ತೆ ಬೇರೆ ಬೇರೆ. ಒಟ್ಟಿಗೆ ಆಟ ಆಡಿಸಿದರು, ಒಬ್ಬನ ಹಲ್ಲು ಅಲ್ಲಾಡಿತು. ಪ್ರತಿದಿನ, ಪ್ರತಿ ದೂರೂ ಶುರುವಾಗುತ್ತಿದ್ದುದು ಒಂದೇ ಪದದಿಂದ. ಮಿಸ್, ಅವರು ನಮ್ಮ ಚೆಂಡು ತಗೊಂಡ್ರು. ಮಿಸ್, ಅವರು ನಕ್ಕರು. ಅವರು, ಅವರು, ಅವರು. ಟೀಚರಿಗೆ ಆ ಪದ ಕೇಳಿದರೆ ಹಲ್ಲುನೋವು ಬಂದಂತಾಗುತ್ತಿತ್ತು.

ಕೊನೆಗೆ ಹೆಡ್ ಮಿಸ್ಸೇ ಬೇಸತ್ತು, "ನಿಮ್ಮ ಕೈಲಿ ಆಗ್ತಿಲ್ಲ ಅಂದ್ರೆ ಬಿಡಿ. ಅರ್ಧ ಜನಾನ ಡ್ರಿಲ್ ಮಾಸ್ಟರು ತಗೊಳ್ತಾರೆ, ಇನ್ನರ್ಧಾನ ಆರನೇ ಕ್ಲಾಸಿನ ಟೀಚರು ನೋಡ್ಕೊಳ್ತಾರೆ. ನೀವು ಮೊದಲಿನ ಹಾಗೆ ಬರೀ ಲೆಕ್ಕ ಹೇಳ್ಕೊಡಿ," ಎಂದುಬಿಟ್ಟಿದ್ದರು. ಟೀಚರು ಮೇಳದವರೆಗೆ ಸಮಯ ಕೇಳಿಕೊಂಡು ಬಂದಿದ್ದರು. ಅವರು ಶಾಲೆಗೆ ಸೇರಿದಾಗಿನಿಂದ ಎಲ್ಲ ತರಗತಿಗಳಿಗೂ ಲೆಕ್ಕ ಹೇಳಿಕೊಟ್ಟವರು. ತಮ್ಮದು ಎನ್ನುವ ತರಗತಿ ಇದೇ ಮೊದಲು. ಇದನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಿರಲಿಲ್ಲ, ಅಷ್ಟೆ. ಮಕ್ಕಳು ಎಷ್ಟೇ ಗೋಳು ಹುಯ್ದುಕೊಂಡರೂ ಇರಲಿಲ್ಲ.

ಹಾಗಾಗಿ ಅಂಗಡಿಯ ಸಾಮಾನನ್ನು ಜೋಡಿ ಜೋಡಿಗೆ ಹಂಚಿದ್ದರು. ಪ್ರತಿ ಜೋಡಿಯಲ್ಲಿ ಕಿಟಕಿ ಕಡೆಯವರೊಬ್ಬರು, ಬಾಗಿಲ ಕಡೆಯವರೊಬ್ಬರು. ಏನು ತರಬೇಕು, ಯಾರು ತರಬೇಕು ಎಂದು ಮಾತಾಡಿಕೊಳ್ಳಲೇಬೇಕಲ್ಲ, ಆ ನೆಪದಲ್ಲಾದರೂ ಬಾಯಿ ಬಿಡಲಿ ಎಂಬ ಲೆಕ್ಕ. ಲೆಕ್ಕ ಹೇಳಿಕೊಡುವವರ ಲೆಕ್ಕವೇ ತಲೆಕೆಳಗಾಯಿತು. ಒಬ್ಬರೂ ಒಬ್ಬರ ಹತ್ತಿರ ಮಾತಾಡಲಿಲ್ಲ. ಬೆಣ್ಣೆಯ ಜೋಡಿಯಲ್ಲಿ ಇಬ್ಬರೂ ತಂದರು, ಚಾಕುವಿನ ಜೋಡಿಯಲ್ಲಿ ಅಕ್ಕಪಕ್ಕದ ಮನೆಯವರ ಚಾಕುವೂ ಬಂತು. ಉಪ್ಪಿನ ಜೋಡಿ ವಾರ್ತೆ ಮತ್ತು ಲಾಯರು.

ಮೊದಲ ಗಿರಾಕಿಯಾಗಿ ಬಂದ ಒಬ್ಬ ತಾತ ಲೋಟದ ಜೋಳವನ್ನು ಒಂದು ಚಮಚ ಬಾಯಿಗಿಟ್ಟು, ಟೀಚರ ಮುಖ ನೋಡಿ, "ಡಾಕ್ಟರು ನನಗೆ ಹೇಳಿದ್ದು ಇಂಥದ್ದನ್ನೇ ತಿನ್ನು ಅಂತ," ಎಂದರು. ಅವರ ಹಿಂದೆ ನಿಂತಿದ್ದವರು ಮೆಲ್ಲಗೆ ಪಕ್ಕದ ಅಂಗಡಿಗೆ ಸರಿದರು. ನಂತರ ಬಂದ ತಾಯಿಯೊಬ್ಬರು ಮಗುವಿನ ಬಾಯಿಂದಲೇ ಕಾಳು ತೆಗೆಸಿ ಲೋಟ ವಾಪಸು ಇಟ್ಟುಹೋದರು. ಕಿಟಕಿ ಕಡೆಯವರು ಬಾಗಿಲ ಕಡೆಯವರನ್ನು ದುರುಗುಟ್ಟಿ ನೋಡಿದರು. ಬಾಗಿಲ ಕಡೆಯವರಲ್ಲಿ ಒಬ್ಬ ಜೋಳದ ಕಾಳೊಂದನ್ನು ಗುರಿಯಿಟ್ಟು ಚಿಮ್ಮಿಸಿದ.

"ಮಿಸ್, ಅವರು—"

"ಸಾಕು," ಎಂದರು ಟೀಚರು. ಕನ್ನಡಕವನ್ನು ಮೂಗಿನ ಮೇಲೆ ಒತ್ತಿದರು. "ನೋಡಿ ಮಕ್ಕಳೇ, ಒಂದೇ ಮಾತು. ನಾನು ಹೋಗಿ ಉಪ್ಪು ತರ್ತೀನಿ. ಅಲ್ಲೀತನಕ ಒಲೆ ಹತ್ರ ಯಾರೂ ಹೋಗ್ಬೇಡಿ, ಆಯಾ ನೋಡ್ಕೊಳ್ತಾರೆ. ಚಾಕು ಮುಟ್ಬೇಡಿ. ಬಂದವರ ಹತ್ರ ನಗ್ತಾ ಮಾತಾಡಿ. ಯಾರೂ ಯಾರ ಮೇಲೂ ಹೇಳ್ಬೇಡಿ. ಇದು ನಮ್ಮೆಲ್ಲರ ಅಂಗಡಿ, ಒಬ್ಬರ ತಪ್ಪು ಎಲ್ಲರ ತಪ್ಪು. ಅರ್ಥ ಆಯ್ತೋ ಇಲ್ವೋ, ಆಯ್ತು ಅಂತಾದ್ರೂ ಅನ್ನಿ."

"ಆಯ್ತು ಮಿಸ್," ಎಂದರು ಕಿಟಕಿ ಕಡೆಯವರು. ಅವರದು ಮುಗಿದ ಮೇಲೆ ಬಾಗಿಲ ಕಡೆಯವರು, "ಆಯ್ತು ಮಿಸ್," ಎಂದರು. ಅಷ್ಟನ್ನೂ ಒಟ್ಟಿಗೆ ಹೇಳುವುದು ಈ ಮಕ್ಕಳಿಗೆ ಆಗದು.

ಶಾಲೆಯ ಅಡುಗೆಮನೆಗೆ ಬೀಗ. ಬೀಗದಕೈ ಇದ್ದವನು ಎಲ್ಲೋ ಉಯ್ಯಾಲೆ ಕಟ್ಟುತ್ತಿದ್ದನಂತೆ. ಟೀಚರು ಡ್ರಿಲ್ ಮಾಸ್ಟರ ಅಂಗಡಿಗೆ ಹೋದರು. ಅಲ್ಲಿ ಆಮ್ಲೆಟ್ಟು. ಒಬ್ಬ ಮೊಟ್ಟೆ ಒಡೆಯುವುದು, ಒಬ್ಬ ಕಲಕುವುದು, ಒಬ್ಬ ತಟ್ಟೆ ಕೊಡುವುದು, ಎಲ್ಲ ಸೀಟಿಯ ಮೇಲೆ ನಡೆಯುತ್ತಿತ್ತು. ಮಾಸ್ಟರ ಪಕ್ಕದಲ್ಲೇ ಉಪ್ಪಿನ ಡಬ್ಬ.

"ಒಂದು ಹಿಡಿ ಕೊಟ್ರೆ ಸಾಕಾಗಿತ್ತು," ಎಂದರು ಟೀಚರು.

"ಕೊಡ್ಬಹುದಿತ್ತು ಮೇಡಂ. ನಮಗೇ ಸಾಲುತ್ತೋ ಇಲ್ವೋ," ಎಂದು ಮಾಸ್ಟರು ಡಬ್ಬದ ಮುಚ್ಚಳ ಹಾಕಿದರು. "ಉಪ್ಪೇ ಮರೆತ್ರಾ? ಪರವಾಗಿಲ್ಲ ಬಿಡಿ. ಸೋಮವಾರ ಅರ್ಧ ಜನ ನಮ್ಮ ಕಡೆ ಬರ್ತಾರಲ್ಲ, ಸರಿ ಮಾಡೋಣ."

ಅದನ್ನು ಕೆಟ್ಟ ಮನಸ್ಸಿನಿಂದ ಹೇಳಿದ್ದೂ ಅಲ್ಲ. ಅದಕ್ಕೇ ಟೀಚರಿಗೆ ಇನ್ನೂ ಹೆಚ್ಚು ಉರಿಯಿತು. ಗೇಟು ದಾಟಿ ರಸ್ತೆಗೆ ಬಂದರು. ಮೂಲೆಯ ಅಂಗಡಿಯ ಮುಂದೆ ಮೇಳಕ್ಕೆ ಬಂದ ಅರ್ಧ ಊರೇ ಐಸ್‌ಕ್ರೀಮಿಗೆ ನಿಂತಿತ್ತು. ಉಪ್ಪು ಉಪ್ಪು ಎಂದು ಎಷ್ಟು ಸಲ ಕೂಗಿದರೂ ಅಂಗಡಿಯವನು, "ಬಂದೆ ಅಕ್ಕಾ," ಎನ್ನುತ್ತಲೇ ಇದ್ದ, ಬರಲಿಲ್ಲ. ಬಿಸಿಲಿಗೆ ನೆತ್ತಿ ಸುಡುತ್ತಿತ್ತು. ಚಪ್ಪಲಿಯ ಉಂಗುಷ್ಠ ಕಿತ್ತುಬಂತು. ಯಾಕಾದರೂ ಈ ಹಟ ಎನಿಸಿತು ಅವರಿಗೆ. ಹಂಚಿಕೊಂಡು ಹೋಗಲಿ, ಸುಖವಾಗಿರಲಿ, ನನ್ನ ಪಾಡಿಗೆ ನಾನು ಭಿನ್ನರಾಶಿ ಹೇಳಿಕೊಟ್ಟುಕೊಂಡು ಇರುತ್ತೇನೆ ಎಂದುಕೊಂಡರು. ಹಾಗೆ ಅಂದುಕೊಂಡ ಮೇಲೂ ಉಪ್ಪಿನ ಪೊಟ್ಟಣ ಕೈಗೆ ಬಂದ ತಕ್ಷಣ ಕಿತ್ತ ಚಪ್ಪಲಿ ಎಳೆದುಕೊಂಡು ಓಡಿದರು.

ಏಳನೇ ತರಗತಿಯ ಅಂಗಡಿ ಕಾಣಿಸಲಿಲ್ಲ. ಅದು ಇರಬೇಕಾದ ಜಾಗದಲ್ಲಿ ಜನ ಇದ್ದರು. ಏನೋ ಅನಾಹುತವಾಗಿದೆ, ಪಾತ್ರೆ ಮಗುಚಿದೆ ಎಂದುಕೊಂಡರು ಟೀಚರು. ಹತ್ತಿರ ಹೋದರೆ ಜನ ನಗುತ್ತಿದ್ದರು. ಆಮ್ಲೆಟ್ಟಿನ ಸಾಲಿನಲ್ಲಿ ನಿಂತವರೂ ತಟ್ಟೆ ಹಿಡಿದುಕೊಂಡು ಇತ್ತ ಬಂದಿದ್ದರು. ತಲೆಗಳ ಮೇಲಿಂದ ಒಂದು ರಟ್ಟಿನ ಹಲಗೆ ಕಂಡಿತು. ಅದರ ಮೇಲೆ ಎರಡು ಬಗೆಯ ಅಕ್ಷರದಲ್ಲಿ, ಅರ್ಧ ಒಬ್ಬರು ಅರ್ಧ ಇನ್ನೊಬ್ಬರು ಬರೆದಂತೆ, 'ಉಪ್ಪಿಲ್ಲ, ಉಪದೇಶ ಇದೆ' ಎಂದಿತ್ತು.

"ನೋಡಿ ಮಕ್ಕಳೇ, ಒಂದೇ ಮಾತು."

ಯಾರೋ ತಮ್ಮ ಪಕ್ಕದಲ್ಲೇ ಮಾತಾಡಿದಂತೆ ಟೀಚರು ಬೆಚ್ಚಿದರು. ಅದು ಅವರದೇ ದನಿ. ಗುಂಪಿನ ಸಂದಿಯಿಂದ ನೋಡಿದರು. ವಾರ್ತೆ ಬೆಂಚಿನ ಮೇಲೆ ನಿಂತಿದ್ದಳು. ಬಣ್ಣದ ಕಾಗದದಲ್ಲಿ ಮಾಡಿದ ಕನ್ನಡಕ ಮೂಗಿನ ಮೇಲಿತ್ತು, ಅದನ್ನು ಬೆರಳಿನಿಂದ ಒತ್ತುತ್ತಿದ್ದಳು. ಮಾತು ಮರೆತಾಗ ಕೆಳಗಿನಿಂದ ಲಾಯರು ಹೇಳಿಕೊಡುತ್ತಿದ್ದ.

"ಜೋಳ ಜಗಿದು ತಿನ್ನಿ. ಒಂದು ಕಾಳೂ ಬಿಡ್ಬೇಡಿ. ಪಕ್ಕದವರ ಲೋಟ ನೋಡ್ಬೇಡಿ, ನಿಮ್ಮ ಲೋಟ ನೀವೇ ತಿನ್ನಿ—"

"ಲೋಟ ತಿನ್ಬೇಡಿ," ಎಂದ ಲಾಯರು, ಅದೇ ದನಿಯಲ್ಲಿ.

"ಲೋಟ ತಿನ್ಬೇಡಿ. ಉಪ್ಪು ಯಾಕಿಲ್ಲ ಅಂತ ಕೇಳ್ಬೇಡಿ, ಒಬ್ಬರು ಮರೆತ್ರೆ ಎಲ್ಲರೂ ಮರೆತ ಹಾಗೆ. ಅರ್ಥ ಆಯ್ತೋ ಇಲ್ವೋ, ಆಯ್ತು ಅಂತಾದ್ರೂ ಅನ್ನಿ."

"ಆಯ್ತು ಮಿಸ್," ಎಂದಿತು ಇಡೀ ಗುಂಪು. ಅಪ್ಪಂದಿರು, ಅಮ್ಮಂದಿರು, ಪುಟಾಣಿಗಳು, ಡಾಕ್ಟರ ಮಾತು ಕೇಳಿ ಬಂದ ತಾತ. ಮೇಜಿನ ಹಿಂದೆ ಇಡೀ ಏಳನೇ ತರಗತಿ ಹೆಗಲಿಗೆ ಹೆಗಲು ತಾಗಿಸಿಕೊಂಡು ನಿಂತು ಅದನ್ನೇ ಹೇಳಿತು, ಒಂದೇ ಉಸಿರಿನಲ್ಲಿ. ಆಯಾ ಒಲೆಯ ಪಕ್ಕ ಕೂತು ಹೊಟ್ಟೆ ಹಿಡಿದುಕೊಂಡಿದ್ದರು. ಯಾರು ಕಿಟಕಿ ಕಡೆಯವರು, ಯಾರು ಬಾಗಿಲ ಕಡೆಯವರು ಎಂದು ಟೀಚರಿಗೇ ಗುರುತು ಹತ್ತಲಿಲ್ಲ.

ಬೆಣ್ಣೆ ಬೆರೆಸುತ್ತಿದ್ದ ಹುಡುಗನೊಬ್ಬ ತಲೆ ಎತ್ತಿದ. ಅವನ ಮುಖ ಬಿಳುಚಿತು. "ಶ್," ಎಂದ. "ಅವರು ಬಂದ್ರು."

ಟೀಚರು ತಿರುಗಿ ನೋಡಿದರು. ಅಭ್ಯಾಸಬಲ, ಯಾವ ಕಡೆಯವರು ಬಂದರು, ಈಗ ಯಾವ ಜಗಳ ಬಿಡಿಸಬೇಕು ಎಂದು. ಹಿಂದೆ ಯಾರೂ ಇರಲಿಲ್ಲ. ಮತ್ತೆ ಮುಂದೆ ನೋಡಿದಾಗ ತರಗತಿಯ ಅಷ್ಟೂ ಕಣ್ಣುಗಳು ತಮ್ಮ ಮೇಲಿದ್ದವು.

ಜನ ಎರಡು ಪಾಲಾಗಿ ದಾರಿ ಬಿಟ್ಟರು. ಟೀಚರು ಮೇಜಿನ ತನಕ ಹೋದರು. ಕಿವಿ, ಕೆನ್ನೆ ಎಲ್ಲ ಕಾದ ಕಾವಲಿಯಾಗಿತ್ತು. ನಾನು ಹೀಗೇ ಮಾತಾಡುತ್ತೇನೆಯೇ? ಒಂದೇ ಮಾತು ಎಂದು ಹತ್ತು ಮಾತು? ಅವಮಾನವಾಯಿತು ಅವರಿಗೆ. ಅಳು ಬಂದಂತಾಯಿತು, ಕೋಪ ಅದಕ್ಕಿಂತ ಮೊದಲು ಬಂತು.

"ಯಾರು ಶುರು ಮಾಡಿದ್ದು ಇದನ್ನ?"

ವಾರ್ತೆ ಕಾಗದದ ಕನ್ನಡಕ ತೆಗೆದು ಬೆನ್ನ ಹಿಂದೆ ಇಟ್ಟುಕೊಂಡಿದ್ದಳು. ಟೀಚರು ಅವಳನ್ನೇ ಕೇಳಿದರು. ಬೇರೆ ಯಾರನ್ನೂ ಕೇಳುವ ಅಗತ್ಯ ಈ ವರ್ಷವಿಡೀ ಬಿದ್ದಿರಲಿಲ್ಲ. "ನೀನು ಹೇಳು. ಹಲಗೆ ಬರೆಯೋಕೆ ಯಾರು ಹೇಳಿದ್ರು?"

ಹುಡುಗಿಯ ಬಾಯಿ ತೆರೆಯಿತು. ಪಕ್ಕದಲ್ಲಿ ಲಾಯರು ನಿಂತಿದ್ದ, ಅವನ ಕೈಗೆಲ್ಲ ಬಣ್ಣ ಮೆತ್ತಿಕೊಂಡಿತ್ತು. ಅವಳು ಅವನ ಕಡೆ ನೋಡಲೂ ಇಲ್ಲ.

"ಗೊತ್ತಿಲ್ಲ ಮಿಸ್."

"ನಿನಗೆ ಗೊತ್ತಿಲ್ವಾ?"

"ಇಲ್ಲ ಮಿಸ್."

"ನಿನಗೆ?" ಎಂದರು ಲಾಯರಿಗೆ. ಅವನು ಕೂಡ ತಲೆಯಾಡಿಸಿದ. ವಾದ ಇಲ್ಲ, ಏನಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡಿದರು. ಗೋಡೆ ಮುಂದೆ ನಿಂತು ಕೇಳಿದ್ದರೂ ಇದಕ್ಕಿಂತ ಹೆಚ್ಚೇನಾದರೂ ಸಿಗುತ್ತಿತ್ತು. ಆಯಾ ಕೂಡ ಪಾತ್ರೆಯ ಮುಚ್ಚಳ ತೆಗೆದು ಒಳಗೆ ಇಣುಕುತ್ತ ನಿಂತುಬಿಟ್ಟರು.

"ಬಿಡ್ರೀ ಟೀಚರೇ, ಮಕ್ಕಳು," ಎಂಬ ದನಿ ಕೇಳಿತು. ಗುಂಪಿನ ಒಳಗಿನಿಂದ ಹೆಡ್ ಮಿಸ್ಸು ಬಂದರು. ಕೈಯಲ್ಲಿ ಜೋಳದ ಲೋಟ, ಕಣ್ಣಲ್ಲಿ ನಕ್ಕ ನೀರು ಇನ್ನೂ ಆರಿರಲಿಲ್ಲ. ಟೀಚರ ಕಿವಿಯ ಹತ್ತಿರ ಬಗ್ಗಿ, "ಪರವಾಗಿಲ್ವೇ, ಕೊನೆಗೂ ಒಂದು ಮಾಡಿದ್ರಲ್ಲ. ಇನ್ನು ಇವರನ್ನ ಒಡೆಯೋದು ಬೇಡ. ನಿಮ್ಮ ಹತ್ರಾನೇ ಇರ್ಲಿ," ಎಂದು, ಇನ್ನೊಂದು ಚಮಚ ಬಾಯಿಗಿಟ್ಟುಕೊಂಡು ನಡೆದರು. ಹೋಗುತ್ತ ಅವರ ಭುಜ ಅಲುಗುತ್ತಿದ್ದುದನ್ನು ಟೀಚರು ನೋಡಿದರು.

ಬೇಡಿದ್ದು ಕೈಗೆ ಬಂದಿತ್ತು. ಸಂತೋಷಪಡಬೇಕು ಎಂದು ಅವರಿಗೆ ಗೊತ್ತಿತ್ತು, ಆಗಲಿಲ್ಲ. ಈ ಹಾಳು ಮಕ್ಕಳಿಗೆ ಒಂದಾಗಲು ಬೇರೆ ದಾರಿಯೇ ಸಿಗಲಿಲ್ಲವೇ ಎಂದುಕೊಂಡರು.

ಸಾಲಿನಲ್ಲಿ ಮುಂದಿದ್ದ ಪುಟ್ಟ ಹುಡುಗಿ ಲೋಟ ಚಾಚಿಕೊಂಡೇ ನಿಂತಿದ್ದಳು. "ಅಕ್ಕಾ, ನನಗೆ ಇನ್ನೂ ಬೈದಿಲ್ಲ," ಎಂದಳು. ಯಾರೂ ನಗಲಿಲ್ಲ. ಹಿಂದಿನ ಕೆಲವರು ಸಾಲು ಬಿಟ್ಟು ಅತ್ತಿತ್ತ ನೋಡತೊಡಗಿದರು. ಟೀಚರ ಕೈಯಲ್ಲಿದ್ದ ಪೊಟ್ಟಣವನ್ನು ಲಾಯರು ನೋಡಿದ, ವಾರ್ತೆಯನ್ನು ನೋಡಿದ, ಆಮೇಲೆ ತಲೆ ಮೇಲಿನ ಹಲಗೆಯನ್ನು.

"ಮಿಸ್," ಎಂದ ಮೆತ್ತಗೆ. "ಉಪ್ಪು ಹಾಕ್ಬೇಕಾ?"

ಟೀಚರು ಪೊಟ್ಟಣವನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. ಅದಕ್ಕಾಗಿ ಪಟ್ಟ ಪಾಡೆಲ್ಲ ಕಣ್ಣ ಮುಂದೆ ಬಂತು.

"ಬೇಡ," ಎಂದರು. "ಹಾಗೇ ಇರ್ಲಿ."

ಉಪ್ಪನ್ನು ಕೈಚೀಲಕ್ಕೆ ಹಾಕಿಕೊಂಡು, ಮಕ್ಕಳ ಕಡೆ ನೋಡದೆ, ಅಂಗಡಿಯ ಹಿಂದಿನ ಬಟ್ಟೆ ಸರಿಸಿ ಆಚೆ ಹೋದರು. ಅಲ್ಲಿ ನಲ್ಲಿಯ ಕೆಳಗೆ ಜಿಡ್ಡಿನ ಚಮಚಗಳು, ಬೆಳಿಗ್ಗೆ ಮೊದಲ ಸಲ ಬೇಯಿಸಲು ಹೋಗಿ ತಳ ಹಿಡಿದಿದ್ದ ಪಾತ್ರೆ, ಎಲ್ಲ ರಾಶಿ ಬಿದ್ದಿದ್ದವು. ತೊಳೆಯುವ ಪಾಳಿ ಯಾರದು ಎಂದು ತೀರ್ಮಾನವಾಗಿರಲಿಲ್ಲ. ಟೀಚರು ಕುಕ್ಕರಗಾಲಿನಲ್ಲಿ ಕೂತು ಪಾತ್ರೆ ಹತ್ತಿರ ಎಳೆದುಕೊಂಡರು.

ಬಟ್ಟೆಯ ಆಚೆ ಬಹಳ ಹೊತ್ತು ಪಿಸುಮಾತು ನಡೆಯಿತು. ಆಮೇಲೆ ಯಾರೋ ಗಂಟಲು ಸರಿಮಾಡಿಕೊಂಡರು. "ನೋಡಿ ಮಕ್ಕಳೇ," ಎಂದಿತು ದನಿ, ಮೊದಲು ಅಳುಕುತ್ತ. ಇನ್ನೊಂದು ದನಿ ಅದಕ್ಕೆ ಸೇರಿಕೊಂಡಿತು. ಟೀಚರು ಸಿಟ್ಟಿನಿಂದ ಪಾತ್ರೆಯ ತಳ ಉಜ್ಜುತ್ತಿದ್ದವರು ಕೈ ನಿಲ್ಲಿಸಿದರು. ಆಮೇಲೆ ನಲ್ಲಿಯ ನೀರನ್ನು ಸಣ್ಣಗೆ ಮಾಡಿ, ತೊಳೆದ ಚಮಚಗಳನ್ನು ಸದ್ದಾಗದಂತೆ ಒಂದರ ಪಕ್ಕ ಒಂದು ಇಡತೊಡಗಿದರು.