ಪೊಂಗಲ್ ಸೀರೆ

ಬೀಗಿತ್ತಿ ವಿಜಯಕುಮಾರಿ ಬೆಳ್ಳಿಯಮ್ಮನ ಹೆಣದ ಮೇಲೆ ರೇಷ್ಮೆ ಸೀರೆ ಹೊದಿಸುತ್ತಿದ್ದದ್ದನ್ನು ನೋಡಿ ಕರುಪ್ಪಸಾಮಿ ಬಾಗಿಲಲ್ಲೇ ನಿಂತುಬಿಟ್ಟ. ತಿರುಪ್ಪೂರಿನಿಂದ ನೆಗಮಂವರೆಗೆ ಬಸ್ಸಿನಲ್ಲಿ ಎದೆಗವಚಿಕೊಂಡು ತಂದ ಚೀಲ ಈಗ ಅವನ ಬೆನ್ನ ಹಿಂದಿತ್ತು. ಸತ್ತವಳು ಅವನ ಒಬ್ಬಳೇ ಅಕ್ಕ. ಹೆಣ್ಣು ಸತ್ತರೆ ತವರಿನವರ ಹೊಸ ಸೀರೆ, ಅಂದರೆ ಕೋಡಿ, ಎಲ್ಲಕ್ಕಿಂತ ಮೇಲೆ ಬೀಳಬೇಕು. ಅದಿಲ್ಲದೆ ಹೆಣ ಎತ್ತುವ ಹಾಗಿಲ್ಲ.

ಚೀಲದಲ್ಲಿದ್ದದ್ದು ಪೊಂಗಲಿಗೆ ರೇಷನ್ ಅಂಗಡಿಯಲ್ಲಿ ಸರ್ಕಾರ ಕೊಟ್ಟ ಸೀರೆ. ಅಮೆರಿಕದ ಆರ್ಡರ್ ನಿಂತು ಅವನು ದುಡಿಯುತ್ತಿದ್ದ ಬನಿಯನ್ ಕಂಪನಿ ಬಾಗಿಲು ಹಾಕಿದ ಮೇಲೆ ಮನೆಯಲ್ಲಿ ಉಳಿದಿದ್ದ ಹೊಸ ಬಟ್ಟೆ ಅದೊಂದೇ. ನೇಕಾರರ ಬೀದಿಯಲ್ಲಿ ಅದನ್ನು ಬಿಚ್ಚುವುದೆಂದರೆ ಇದ್ದಬದ್ದ ಮಾನವೂ ಹೋದ ಹಾಗೆ.

"ಮಾಮಾ, ಕೋಡಿ ಎಲ್ಲಿ? ಹೊತ್ತಾಗ್ತಿದೆ," ಎಂದಳು ಅಕ್ಕನ ಮಗಳು ದ್ರಾಕ್ಷಾಯಣಿ.

*

ಲಾಕ್‌ಡೌನಿನ ಮರುವರ್ಷ ನೆಗಮಂ ಸೀರೆ ಕೇಳುವವರೇ ಇರಲಿಲ್ಲ. ಬೆಳ್ಳಿಯಮ್ಮನ ಮಗ್ಗದ ಗುಂಡಿಯಲ್ಲಿ ಬೆಕ್ಕು ಮರಿ ಹಾಕಿತ್ತು. ಬಜೆಟ್ ದಿನ ಟೀವಿ ಮುಂದೆ ಕೂತವಳು, ಪೊಂಗಲ್ ಸೀರೆಗೆ ಈ ಸಲವೂ ಹಣ ಇಟ್ಟಿದ್ದಾರೆ ಎಂದು ಕೇಳಿದ್ದೇ ತಡ, ಎದ್ದು ಹೋಗಿ ಮರಿಗಳನ್ನು ಬುಟ್ಟಿಗೆ ವರ್ಗ ಮಾಡಿದಳು. ಆ ಸೀರೆ ನೇಯಲು ನೇಕಾರರ ಸೊಸೈಟಿಯಿಂದ ನೂಲು ಬಂತು.

"ಏನಕ್ಕಾ, ಕಲ್ಯಾಣ ಸೀರೆ ನೇಯ್ದ ಕೈಯಲ್ಲಿ ಈಗ ಬಿಟ್ಟಿ ಹಂಚೋ ಓಸಿ ಸೀರೆಯಾ?" ಕರುಪ್ಪಸಾಮಿ ಕಿಚಾಯಿಸಿದ್ದ. ಆಗ ಅವನಿಗೆ ಓವರ್‌ಟೈಮ್ ಕೆಲಸದ ಸೊಕ್ಕು.

"ಉಡೋಳಿಗೆ ಓಸಿ. ನಂಗೆ ಕೆಲ್ಸ ಅಲ್ವಾಡಾ?" ಅಕ್ಕ ನಕ್ಕಿದ್ದಳು. "ಯಾರ ಮನೇಲೋ ಪೊಂಗಲ್‌ಗೆ ಇದೊಂದೇ ಹೊಸ ಬಟ್ಟೆ. ಅಂಚು ಸೊಟ್ಟ ಇದ್ರೆ ಪಾಪ, ಅವ್ಳ ಮನಸ್ಸು ನೋಯಲ್ವಾ?"

ಹಾಗೆಂದು ಒಂದು ಗೇಣು ಬಿಚ್ಚಿ ಮತ್ತೆ ನೇಯ್ದಿದ್ದಳು. ಲಾಳಿಯ ಸದ್ದು ಕೇಳುತ್ತ ಅವಳ ಕೈಯ ಕಾಫಿ ಕುಡಿದ ಆ ಸಂಜೆ ಎಷ್ಟು ಚೆನ್ನಾಗಿತ್ತು!

*

ಕರುಪ್ಪಸಾಮಿ ಹಳದಿ ಅಂಚಿನ ನೀಲಿ ಸೀರೆ ಹೊರಗೆ ತೆಗೆದ.

"ಅಯ್ಯೋ, ರೇಷನ್ ಸೀರೆ ತಾನೇ ಇದು?" ವಿಜಯಕುಮಾರಿ ಮೂತಿ ತಿರುವಿದಳು. "ಇದನ್ನ ಪಟ್ಟೆ ಸೀರೆ ಮೇಲಾ ಹೊದಿಸೋದು?"

ದ್ರಾಕ್ಷಾಯಣಿ ಅತ್ತೆಯ ಕಡೆ ನೋಡಲೂ ಇಲ್ಲ. ಸೀರೆ ಬಿಚ್ಚಿ, ತಾಯಿ ಮಾಡುತ್ತಿದ್ದ ಹಾಗೆಯೇ ಅಂಚಿನುದ್ದಕ್ಕೂ ಬೆರಳಾಡಿಸಿದಳು.

"ಅಂಚು ಸೊಟ್ಟ ಇಲ್ಲ ಮಾಮಾ. ಹಿಡಿ," ಎಂದು ಒಂದು ತುದಿಯನ್ನು ಅವನ ಕೈಗಿಟ್ಟಳು. ಊರಿಂದ ಹೊರಟಾಗಿನಿಂದ ತಡೆದಿದ್ದ ಅಳು ಕರುಪ್ಪಸಾಮಿಗೆ ಆಗ ಬಂತು. ಅಳುತ್ತಲೇ ಹೊದಿಸಿದ.

ಬಾಯಿಗೆ ಅಕ್ಕಿ ಹಾಕಲು ಬೀದಿಯ ಹೆಂಗಸರು ಬಂದರು. ಮಗ್ಗ ನಿಲ್ಲಿಸಿ, ಉಟ್ಟ ಸೀರೆಯಲ್ಲೇ ಎದ್ದು ಬಂದವರು. ಅವರಲ್ಲಿ ಮುಕ್ಕಾಲು ಜನ ಉಟ್ಟಿದ್ದದ್ದೂ ಅದೇ ನೀಲಿ, ಅದೇ ಹಳದಿ ಅಂಚು. ಅವರ ನಡುವೆ ಬೆಳ್ಳಿಯಮ್ಮ, ಕೆಲಸದ ಮಧ್ಯೆ ಒಂದು ಗಳಿಗೆ ಅಡ್ಡಾದ ಇನ್ನೊಬ್ಬಳ ಹಾಗೆ ಮಲಗಿದ್ದಳು.